ಪಡೆದವರು: ಪ್ರೇಮಮ್ಮ, ಎದುರು ಮನೆ

ವೆಸ್ಟ್ ಮಾಂಬಲಂ
3 ಮಾರ್ಚ್ 2025

ಪ್ರೇಮಾ,

ಫೋನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಮನೆಗೆ ಬೀಗ ಜಡಿದು ಕ್ರೋಂಪೇಟೆಗೆ, ಮಗ ಅಭಿಲಾಷನ ಮನೆಗೆ ಹೊರಟುಹೋದೆ. ಹೋಗುವಾಗ ಬಾಗಿಲಲ್ಲಿ ನಿಂತಿದ್ದ ನನ್ನ ಮುಖವನ್ನೂ ನೋಡಲಿಲ್ಲ. ಅದಕ್ಕೇ ಈ ಕಾಗದ. ಅಭಿಲಾಷನ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಅವನಿಗೆ ಕನ್ನಡ ಓದಲು ಬರುವುದಿಲ್ಲ.

ಸಿಟ್ಟು ಬರಬೇಕಾದದ್ದು ಯಾರಿಗೆ? ನನಗೋ ನಿನಗೋ? ಇವರ ಕಿವಿ ಎಷ್ಟು ಮಂದವಾಗಿದೆ ಎಂದು ನಿನಗೆ ಗೊತ್ತು. ಟಿವಿ ನೋಡುವುದನ್ನು ಬಿಟ್ಟರು, ಮೊಮ್ಮಕ್ಕಳ ಫೋನು ಬಂದರೆ ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ಹೋಗಿಬಿಡುತ್ತಾರೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಇಂಥದ್ದೇ ಕಿವಿ ಮಿಷನ್ ತರಿಸಿಕೊಳ್ಳಿ ಎಂದು ಬರೆದುಕೊಟ್ಟರು. ಆನ್‌ಲೈನಿನಲ್ಲಿ ತರಿಸಿದೆ. ನನ್ನ ಪಿಂಚಣಿಯ ಬಾಕಿ ಬಂದದ್ದು ಪೂರ್ತಿ ಅದಕ್ಕೇ ಹೋಯಿತು.

ಆ ದಿನ ನಾನು ತರಕಾರಿಗೆಂದು ಸ್ಟೇಷನ್ ಕಡೆಗೆ ಹೋಗಿದ್ದೆ. ಮನೆಯಲ್ಲಿ ಇವರೊಬ್ಬರೇ. ಬೆಲ್ ಹೊಡೆದರೂ ಇವರಿಗೆ ಕೇಳುವುದಿಲ್ಲ ಎಂಬ ಆತಂಕದಲ್ಲೇ ಇದ್ದೆ. ದಾರಿಯಲ್ಲಿ ಮೊಬೈಲಿಗೆ ಮೆಸೇಜು ಬಂತು: ಡೆಲಿವರಿ ಆಗಿದೆ. ಪಡೆದವರು: ಪ್ರೇಮಮ್ಮ, ಎದುರು ಮನೆ. ಸದ್ಯ, ಪ್ರೇಮಾ ಇದ್ದಳಲ್ಲ ಎಂದು ಎಷ್ಟು ನೆಮ್ಮದಿಯಾಯಿತು ಗೊತ್ತೇ? ಕಾಯಿ ಚೌಕಾಸಿ ಮಾಡದೆ ಓಡಿ ಬಂದೆ.

ನೀನು ಏನೆಂದೆ? 'ಯಾವ ಪಾರ್ಸಲು ಕಣೇ? ನಂಗ್ಯಾರೂ ಏನೂ ಕೊಟ್ಟಿಲ್ವಲ್ಲ.'

ಕಸ್ಟಮರ್ ಕೇರಿನವರ ಜೊತೆ ಕೂಗಾಡಿ ಕೂಗಾಡಿ ಗಂಟಲು ಕಟ್ಟಿದೆ. 'ಒಟಿಪಿ ಕೇಳದೆ ಹೇಗ್ರೀ ಕೊಟ್ರಿ?' ಎಂದರೆ, 'ಅಕ್ಕಪಕ್ಕದವರಿಗೆ ಕೊಡುವಾಗ ಸಹಿ ಸಾಕು ಮೇಡಂ, ಅವರನ್ನೇ ಕೇಳಿ' ಎನ್ನುತ್ತಾರೆ. ದೂರು ಕೊಟ್ಟ ಕೂಡಲೇ 'ಪರಿಹರಿಸಲಾಗಿದೆ' ಎಂದು ಮುಚ್ಚುತ್ತಾರೆ. ಏನು ಪರಿಹರಿಸಿದರು? ನೆಲದ ಮೇಲೆ ಇಟ್ಟ ಒಂದು ಡಬ್ಬಿಯ ಫೋಟೋ, ಅದರ ಕೆಳಗೆ ಗೀಚಿದ ಒಂದು ಸಹಿ ಕಳಿಸಿದ್ದಾರೆ. ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಇದರೊಳಗೆ ಇಟ್ಟಿದ್ದೇನೆ. ನೋಡು.

ವಯಸ್ಸಾಗಿದೆ. ನನಗೂ ಮರೆವು, ನಿನಗೂ ಮರೆವು. ನಿದ್ದೆಗಣ್ಣಿನಲ್ಲಿ ತೆಗೆದುಕೊಂಡು ಎಲ್ಲಾದರೂ ಇಟ್ಟಿದ್ದರೆ ಹೇಳಿಬಿಡು. ನಾನು ಮುಂದೆ ಒಂದು ಮಾತೂ ಕೇಳುವುದಿಲ್ಲ.

ಉತ್ತರಕ್ಕೆ ಕಾಯುವ,
ಜಯಾ


ಕ್ರೋಂಪೇಟೆ
17 ಮಾರ್ಚ್ 2025

ಶ್ರೀಮತಿ ಜಯಲಕ್ಷ್ಮಮ್ಮನವರಿಗೆ,

ಕ್ಷೇಮ ವಿಚಾರಿಸುವ ಕಾಗದವಲ್ಲ ಇದು. ನೀವು 'ಪ್ರೇಮಾ' ಎಂದು ಬರೆದದ್ದನ್ನು ಓದಿ ಮೈ ಉರಿಯಿತು. ಹಾಗೆ ಕರೆಯುವ ಸಲಿಗೆಯನ್ನು ನೀವು ಅವತ್ತೇ ಕಳೆದುಕೊಂಡಿರಿ.

ನಡೆದದ್ದನ್ನು ಅರ್ಧ ಬರೆದಿದ್ದೀರಿ. ಉಳಿದರ್ಧ ನಾನು ಬರೆಯುತ್ತೇನೆ. ನನಗೆ ಯಾರೂ ಏನೂ ಕೊಟ್ಟಿಲ್ಲ ಎಂದಾಗ ನೀವು ಸರಿ ಎನ್ನಲಿಲ್ಲ. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು 'ಮತ್ತೆ ಇದೇನಿದು?' ಎಂದಿರಿ. ಗಲಾಟೆ ಕೇಳಿ ಕೆಳಗಿನ ಮನೆಯ ತಿರುಮಲ, ಅಸೋಸಿಯೇಷನ್ ಸೆಕ್ರೆಟರಿಯ ಠೀವಿಯಲ್ಲಿ ಮೆಟ್ಟಿಲು ಹತ್ತಿ ಬಂದರು. 'ಒರು ತಡವೆ ಉಳ್ಳ ಪಾತ್ತುಡಲಾಮೇ ಅಮ್ಮಾ' ಎಂದರು. ಒಂದು ಸಲ ನನ್ನ ಮನೆಯೊಳಗೆ ನೋಡಿಬಿಟ್ಟರೆ ಅನುಮಾನ ತೀರುತ್ತದಂತೆ! ನಾನು ನಿಮ್ಮ ಮುಖ ನೋಡಿದೆ. 'ಏನ್ರೀ ಮಾತಾಡ್ತೀರಾ, ಇವಳು ನಮ್ಮ ಪ್ರೇಮಾ' ಎಂದು ನೀವು ಅವರನ್ನು ಬಯ್ಯುತ್ತೀರಿ ಎಂದು ಕಾದೆ.

ನೀವು ಚಪ್ಪಲಿ ಬಿಟ್ಟಿರಿ.

ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿದಿರಿ. ಬೀರು ತೆಗೆದಿರಿ. ನಮ್ಮ ಯಜಮಾನರ ಬಟ್ಟೆಯಿದ್ದ ಟ್ರಂಕಿನ ಮುಚ್ಚಳ ಎತ್ತಿದಿರಿ. ಅವರು ಹೋದ ಮೇಲೆ ಅದನ್ನು ತೆರೆಯುವ ಧೈರ್ಯ ನನಗೇ ಬಂದಿರಲಿಲ್ಲ. ತಿರುಮಲ ಹೊಸಿಲಿನ ಆಚೆಯೇ ನಿಂತರು. ಅವರಿಗಾದರೂ ಅಷ್ಟು ನಾಚಿಕೆ ಇತ್ತು.

ಈಗ ನಿಮ್ಮ ಪ್ರಿಂಟಿನ ವಿಷಯ. ಆ ಸಹಿಯನ್ನು ನಾನು ನೋಡಿದ್ದು ಇದೇ ಮೊದಲು. ಇಂಗ್ಲಿಷ್ ಅಕ್ಷರದಲ್ಲಿ ಎಳೆದಿದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದ ದಿನದಿಂದ ಸಂಬಳಕ್ಕೆ, ಪಿಂಚಣಿಗೆ, ಮಗನ ಮಾರ್ಕ್ಸ್ ಕಾರ್ಡಿಗೆ ನಾನು ಕನ್ನಡದಲ್ಲೇ ಸಹಿ ಹಾಕಿದ್ದೇನೆ. ಬ್ಯಾಂಕಿನವನು 'ಇದೆನ್ನಮ್ಮಾ ಜಿಲೇಬಿ' ಎಂದು ನಕ್ಕಾಗ ಕೌಂಟರಿನಲ್ಲಿ ಅವನ ಜೊತೆ ಜಗಳ ಕಾದವರು ನೀವು. ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿ ಕೂತು ಸತ್ತವರ ಸಹಿ, ಬದುಕಿದವರ ಸಹಿ ತಾಳೆ ನೋಡಿ ನಿವೃತ್ತರಾದವರು ನೀವು. ಇದೊಂದನ್ನು ನೋಡಲು ನಿಮಗೆ ಕಣ್ಣಿರಲಿಲ್ಲವೇ?

ಆ ದಿನ ನಾನು ಮನೆಯಲ್ಲೇ ಇದ್ದೆ, ಎಚ್ಚರವಾಗಿದ್ದೆ. ಬಾಗಿಲಿಗೆ ಯಾರೂ ಬರಲಿಲ್ಲ. ನನ್ನ ಹತ್ತಿರ ಇರುವ ಸಾಕ್ಷಿ ಇಷ್ಟೇ. ನಂಬಿ ಎಂದು ಕೇಳುತ್ತಿಲ್ಲ, ಕೇಳುವ ಕಾಲ ಮುಗಿಯಿತು.

ಪ್ರೇಮಮ್ಮ
(ಕನ್ನಡದಲ್ಲೇ ಸಹಿ ಮಾಡಿದ್ದೇನೆ, ತಾಳೆ ನೋಡಿಕೊಳ್ಳಿ)


ವೆಸ್ಟ್ ಮಾಂಬಲಂ
12 ಏಪ್ರಿಲ್ 2025

ಪ್ರೇಮಾ,

ಬಯ್ದುಕೋ. ನನಗೆ ನಿನ್ನನ್ನು ಬೇರೆ ರೀತಿ ಕರೆಯಲು ಬರುವುದಿಲ್ಲ.

ನಿನ್ನ ಕಾಗದ ಓದಿ ಸಹಿಯನ್ನು ಮತ್ತೆ ತೆಗೆದು ನೋಡಿದೆ. ಮೆಸೇಜಿನಲ್ಲಿ ನಿನ್ನ ಹೆಸರು ಕಂಡಿತಲ್ಲ, ಅಲ್ಲಿಗೇ ನನ್ನ ಬುದ್ಧಿ ನಿಂತುಹೋಗಿತ್ತು. ಕಾಗದವನ್ನು ಇವರ ಕೈಗೆ ಕೊಟ್ಟೆ. ಓದಿದರು. ಕಿವುಡರ ದನಿ ನಿನಗೆ ಗೊತ್ತಲ್ಲ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದರು: 'ಪ್ರೇಮಮ್ಮ ತಗೊಂಡಿಲ್ಲ ಅಂತ ನಾನ್ ಅವತ್ತೇ ಬಾಗಿಲಲ್ಲಿ ನಿಂತ್ಕಂಡು ಹೇಳ್ದೆ. ನೀನ್ ಕೇಳಿಸ್ಕೊಂಡ್ಯಾ? ಕಿವುಡ ನಾನೋ ನೀನೋ?'

ಮರುದಿನವೇ ಇವರನ್ನು ಕರೆದುಕೊಂಡು ಆ ಡೆಲಿವರಿ ಕಂಪನಿಯ ಗೋಡೌನಿಗೆ ಹೋದೆ. ಶೆಟರಿನ ಕೆಳಗೆ ಬಗ್ಗಿ ಒಳಗೆ ಹೋಗಬೇಕು. ಮ್ಯಾನೇಜರ್ ಎನ್ನುವವನು ಕೂತಲ್ಲಿಂದ ಏಳಲಿಲ್ಲ. 'ಸಿಸ್ಟಮ್ಲ ಡೆಲಿವರ್ಡ್‌ನು ಇರುಕ್ಕು ಮ್ಯಾಡಮ್' ಎಂದ. ಡೆಲಿವರಿ ಆಗಿದೆ ಎಂದೇ ಸಿಸ್ಟಮಿನಲ್ಲಿದೆಯಂತೆ. 'ಸಿಸ್ಟಮ್ ಏನಾದರೂ ಹೇಳಲಿ, ಆ ಸಹಿ ಅವರದ್ದಲ್ಲ, ಅವರು ಕನ್ನಡದಲ್ಲಿ ಸಹಿ ಮಾಡುವವರು' ಎಂದೆ. ಪಕ್ಕದವನ ಕಡೆ ನೋಡಿ ನಕ್ಕ. ಬೆರಳಲ್ಲಿ ಗಾಜಿನ ಮೇಲೆ ಗೀಚುವುದಕ್ಕೆ ಕನ್ನಡವೇನು, ಇಂಗ್ಲಿಷೇನು ಎಂದ. ಆಮೇಲೆ ಹೇಳಿದ್ದು ಕೇಳು: ಎದುರು ಮನೆಯವರ ಮೇಲೆ ಅನುಮಾನ ಇದ್ದರೆ ಪೊಲೀಸಿಗೆ ಹೋಗಿ, ನಮಗೆ ಯಾಕೆ ತೊಂದರೆ ಕೊಡುತ್ತೀರಿ?

ಇವರಿಗೆ ಏನೂ ಕೇಳಿಸಲಿಲ್ಲ. ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ಮೇಜಿಗೆ ಕೈ ಬಡಿದರು.

ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟೆ. ಕಂಪನಿ ಅಲ್ಲೂ ಅದೇ ಉತ್ತರ ಕೊಟ್ಟಿತು: ನೆರೆಮನೆಯವರು ಪಡೆದಿದ್ದಾರೆ, ಖರೀದಿದಾರರು ಅವರೊಂದಿಗೆ ಬಗೆಹರಿಸಿಕೊಳ್ಳಬೇಕು. ಸುಳ್ಳನ್ನು ಎಷ್ಟು ಸಭ್ಯವಾಗಿ ಬರೆಯುತ್ತಾರೆ ಈ ಜನ! ಇನ್ನು ಗ್ರಾಹಕ ಆಯೋಗಕ್ಕೇ ಹೋಗುವುದು. ಪಾರ್ಸಲು ನಿನಗೆ ಬಂದಿಲ್ಲ ಎಂದು ನಿನ್ನಿಂದ ಒಂದು ಅಫಿಡವಿಟ್ ಬೇಕು. ಅದಿಲ್ಲದೆ ಕೇಸು ನಿಲ್ಲುವುದಿಲ್ಲ ಎನ್ನುತ್ತಾರೆ. ದಯವಿಟ್ಟು ಮಾಡಿಸಿ ಕಳಿಸು.

ಜಯಾ


ಕ್ರೋಂಪೇಟೆ
2 ಮೇ 2025

ಜಯಲಕ್ಷ್ಮಮ್ಮನವರಿಗೆ,

ಮೂರು ಪುಟ ಬರೆದಿದ್ದೀರಿ. ಮ್ಯಾನೇಜರ್ ನಕ್ಕದ್ದನ್ನು ಬರೆದಿದ್ದೀರಿ, ಶೆಟರ್ ಎಷ್ಟು ತಗ್ಗು ಎಂದೂ ಬರೆದಿದ್ದೀರಿ. 'ತಪ್ಪಾಯಿತು' ಎಂಬ ಒಂದು ಮಾತಿಗೆ ಜಾಗ ಸಾಲಲಿಲ್ಲವೇ? ನಿಮ್ಮ ಕೇಸು ನಿಲ್ಲಲು ನನ್ನ ಅಫಿಡವಿಟ್ ಬೇಕು. ನನ್ನ ಮರ್ಯಾದೆ ನಿಲ್ಲಲು ಏನು ಬೇಕು ಎಂದು ಕೇಳಿದಿರಾ?

ನಾನೇನು ಕೈ ಕಟ್ಟಿ ಕೂತಿದ್ದೆ ಎಂದುಕೊಂಡಿರಾ? ಆ ಕಂಪನಿಗೆ ನಾನೇ ಫೋನು ಮಾಡಿದೆ. ನನ್ನ ಹೆಸರನ್ನು ಸುಳ್ಳಾಗಿ ಬರೆದಿದ್ದೀರಿ, ತೆಗೆಯಿರಿ ಎಂದೆ. 'ಆರ್ಡರ್ ನಂಬರ್ ಹೇಳಿ' ಎಂದರು. ಆರ್ಡರ್ ನನ್ನದಲ್ಲ ಎಂದೆ. 'ಹಾಗಾದರೆ ನೀವು ನಮ್ಮ ಗ್ರಾಹಕರಲ್ಲ, ದೂರು ತೆಗೆದುಕೊಳ್ಳಲು ಆಗುವುದಿಲ್ಲ' ಎಂದು ಫೋನಿಟ್ಟರು. ಕಳ್ಳಿ ಎಂದು ಬರೆಯಲು ನಾನು ಗ್ರಾಹಕಳಾಗಿರಬೇಕಾಗಿಲ್ಲ, ಕಳ್ಳಿಯಲ್ಲ ಎನ್ನಲು ಮಾತ್ರ ಏನನ್ನಾದರೂ ಕೊಂಡಿರಬೇಕು!

ಅಭಿಲಾಷ್ 'ವಿಡು ಮಾ' ಎನ್ನುತ್ತಾನೆ. ಬಿಟ್ಟುಬಿಡಬೇಕಂತೆ. ಅವನು, ಅವನ ಹೆಂಡತಿ ಮಾತಾಡಿಕೊಂಡದ್ದು ಮೊಮ್ಮಗಳು ತೇಜುವಿನ ಕಿವಿಗೆ ಬಿದ್ದಿದೆ. ಊಟಕ್ಕೆ ಕೂತಾಗ ಕೇಳಿದಳು: 'ಪಾಟಿ, ಅಂದ ಬಾಕ್ಸ್ ನೀಂಗ ಎಡುತ್ತೀಂಗಳಾ?' ಆ ಡಬ್ಬಿ ನೀನು ತಗೊಂಡ್ಯಾ ಅಜ್ಜಿ ಎಂದು. ಮಗುವಿನ ಮಾತಿನಲ್ಲಿ ಕೊಂಕಿಲ್ಲ, ತಿಳಿದುಕೊಳ್ಳಲು ಕೇಳಿತು. ನಾನು ತಟ್ಟೆ ಬಿಟ್ಟು ಎದ್ದೆ.

ಅಫಿಡವಿಟ್ ಕಳಿಸಿದ್ದೇನೆ. ಒಂದು ಷರತ್ತು. ನಿಮ್ಮ ದೂರಿನಲ್ಲಿ ಮೊದಲ ಕೋರಿಕೆ ನನ್ನ ಹೆಸರಿನದಾಗಿರಬೇಕು. ಪ್ರೇಮಮ್ಮ ಪಡೆದಿಲ್ಲ, ನಾವು ಸುಳ್ಳು ಬರೆದೆವು ಎಂದು ಅವರು ಬರೆದುಕೊಡಬೇಕು. ನಿಮ್ಮ ಮಿಷನ್, ನಿಮ್ಮ ಹಣ ಆಮೇಲಿನದು.

ಪ್ರೇಮಮ್ಮ


ವೆಸ್ಟ್ ಮಾಂಬಲಂ
28 ಜುಲೈ 2025

ಪ್ರೇಮಾ,

ಬರೆಯಲು ಧೈರ್ಯ ಬರಲಿಲ್ಲ, ಅದಕ್ಕೇ ಇಷ್ಟು ತಡ. ದೂರು ಸಲ್ಲಿಸಿದೆ. ನೀನು ಹೇಳಿದಂತೆಯೇ ಮೊದಲ ಕೋರಿಕೆ ನಿನ್ನದು. ಕಂಪನಿಗೆ ನೋಟಿಸು ಹೋಯಿತು.

ಹೋದ ತಿಂಗಳು ಇವರು ಹಾಲಿಗೆಂದು ಹೋದವರು ಆಟೋ ಹೊಡೆದು ಬಿದ್ದರು. ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಬಂದನಂತೆ. ರಸ್ತೆಯವರೆಲ್ಲ ಕೂಗಿದರಂತೆ. ಇವರು ತಿರುಗಲಿಲ್ಲ. ಭುಜದ ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ನರ್ಸು ಬಲಕ್ಕೆ ತಿರುಗಿ ಎಂದರೆ ಇವರು ನನ್ನ ಮುಖ ನೋಡುತ್ತಾರೆ. ಆ ಕಣ್ಣು ನೋಡಲು ನನ್ನಿಂದ ಆಗಲಿಲ್ಲ ಪ್ರೇಮಾ.

ಅದೇ ವಾರ ಕಂಪನಿಯ ವಕೀಲ ಫೋನು ಮಾಡಿದ. ಹಣ ಪೂರ್ತಿ ಕೊಡುತ್ತಾರಂತೆ, ಮೇಲೆ ಸ್ವಲ್ಪ ಸೇರಿಸಿ. ರಾಜಿ ಪತ್ರಕ್ಕೆ ಸಹಿ ಮಾಡಬೇಕು. 'ಪಾರ್ಸಲನ್ನು ಸದುದ್ದೇಶದಿಂದ ನೆರೆಮನೆಯವರಿಗೆ ಒಪ್ಪಿಸಲಾಗಿದೆ, ಇನ್ನು ಯಾವ ತಕರಾರೂ ಇಲ್ಲ' ಎಂದು ಅದರಲ್ಲಿದೆ. ಆ ಸಾಲು ತೆಗೆಯಿರಿ ಎಂದು ಜಗಳವಾಡಿದೆ. 'ಅದು ಇದ್ದರೆ ಹಣ, ಇಲ್ಲದಿದ್ದರೆ ಕೇಸು ನಡೆಯಲಿ, ವರ್ಷಗಟ್ಟಲೆ ನಡೆಯಲಿ' ಎಂದ.

ಸಹಿ ಮಾಡಿದೆ. ಬೇರೆಯವರಿಂದ ನಿನಗೆ ಗೊತ್ತಾಗುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ.

ಜಯಾ


ಕ್ರೋಂಪೇಟೆ
2 ಆಗಸ್ಟ್ 2025

ಜಯಾ,

ಮಹದೇವಣ್ಣನವರಿಗೆ ಪೆಟ್ಟಾಯಿತು ಎಂದು ಓದಿ ನಾನು ಅತ್ತೆ. ಮುಂದಿನ ಸಾಲು ಓದಿ ಕಾಗದವನ್ನು ಹರಿದೆ. ಎರಡೂ ನಿಜ.

ಮಿಷನ್ ಬೇಕಿತ್ತು, ನನ್ನನ್ನು ಕೇಳಬೇಕಿತ್ತು. ನನ್ನ ಬಳೆ ಬಿಚ್ಚಿ ಕೊಡುತ್ತಿದ್ದೆ, ನಿನಗೆ ಗೊತ್ತು. ನನ್ನನ್ನು ಕೇಳಲು ನಾಚಿಕೆಯಾಯಿತು, ನನ್ನ ಹೆಸರನ್ನು ಅವರಿಗೆ ಬಿಟ್ಟುಕೊಡಲು ನಾಚಿಕೆಯಾಗಲಿಲ್ಲ. ಮೊದಲ ಸಲ ನೀನು ಗೊತ್ತಿಲ್ಲದೆ ನನ್ನನ್ನು ಕಳ್ಳಿ ಎಂದೆ. ಈ ಸಲ ಗೊತ್ತಿದ್ದೂ ಬರೆದುಕೊಟ್ಟೆ.

ಮನೆ ಮಾರಲು ಬ್ರೋಕರಿಗೆ ಹೇಳಿದ್ದೇನೆ. ನನಗೆ ಇನ್ನು ಬರೆಯಬೇಡ.

ಪ್ರೇಮಮ್ಮ


ವೆಸ್ಟ್ ಮಾಂಬಲಂ
19 ಸೆಪ್ಟೆಂಬರ್ 2025

ಪ್ರೇಮಾ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಓದದೆ ಹರಿದರೂ ಸರಿ.

ನಿನ್ನೆ ಆಯೋಗದಲ್ಲಿ ರಾಜಿ ಪತ್ರವನ್ನು ದಾಖಲು ಮಾಡುವ ದಿನ. ಕಂಪನಿಯ ವಕೀಲ ನಗುತ್ತಾ ನನಗೆ ಕುರ್ಚಿ ಕೊಟ್ಟ. ಇವರು ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ಬೇಡವೆಂದರೂ ಕೇಳಲಿಲ್ಲ. ನಿನ್ನ ಕಾಗದವನ್ನು ಅವರಿಗೆ ತೋರಿಸಿರಲಿಲ್ಲ, ಆದರೂ ರಾಜಿ ಪತ್ರದ ಪ್ರತಿ ಕೈಗೆ ಸಿಕ್ಕ ದಿನ ನಾನು ಏನು ಮಾಡಿದ್ದೇನೆಂದು ಅವರಿಗೆ ಗೊತ್ತಾಗಿತ್ತು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ನಮ್ಮ ಸರದಿ ಬಂತು. ಪೀಠದಲ್ಲಿದ್ದ ಹೆಂಗಸು ಪತ್ರ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು: 'ಉಂಗಳುಕ್ಕು ಸಮ್ಮದಮಾ ಅಮ್ಮಾ?' ಒಪ್ಪಿಗೆಯೇ ಎಂದು. ಹೂಂ ಎನ್ನಲು ಬಾಯಿ ತೆರೆದೆ. ನೀನು ನನ್ನ ಮುಖ ನೋಡುತ್ತಾ ನಿಂತಿದ್ದೆಯಲ್ಲ ಅವತ್ತು, ನಾನು ಏನಾದರೂ ಹೇಳುತ್ತೇನೆಂದು. ಅದೇ ಕಣ್ಣ ಮುಂದೆ ಬಂತು.

'ಇಲ್ಲ' ಎಂದೆ. 'ಈ ಸಾಲು ಸುಳ್ಳು. ಸಹಿ ಮಾಡಿದ್ದು ತಪ್ಪು. ನನಗೆ ಹಣ ಬೇಡ, ಕೇಸು ನಡೆಯಲಿ.'

ವಕೀಲ ಎದ್ದು ನಿಂತು, ಇವರು ಸ್ವಇಚ್ಛೆಯಿಂದ ಸಹಿ ಮಾಡಿದ್ದಾರೆ, ವಯಸ್ಸಾದವರು, ಗೊಂದಲದಲ್ಲಿದ್ದಾರೆ ಎಂದ. ನನಗೆ ಬಂದ ಸಿಟ್ಟು ಹೇಳಲಾರೆ. 'ಗೊಂದಲ ನನಗಿಲ್ಲ ಸಾರ್. ನಿಮ್ಮವನು ನಮ್ಮ ಬಾಗಿಲಿಗೆ ಬಂದಿದ್ದ ಎಂದು ತೋರಿಸಿ. ಗಾಡಿ ಎಲ್ಲಿತ್ತು, ಡೆಲಿವರಿ ಆಯಿತು ಎಂದು ಎಲ್ಲಿ ನಿಂತು ಒತ್ತಿದ, ನಿಮ್ಮ ಸಿಸ್ಟಮಿನಲ್ಲೇ ಇರುತ್ತದಲ್ಲ? ಎಲ್ಲವನ್ನೂ ಸಿಸ್ಟಮ್ ಹೇಳುತ್ತದೆ ಎಂದಿರಲ್ಲ, ಇದನ್ನೂ ಹೇಳಲಿ' ಎಂದೆ. ಕ್ಲೇಮ್ಸ್‌ನಲ್ಲಿ ಕೂತವಳು ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು.

ಆ ದಿನದ ದಾಖಲೆ ತರುವಂತೆ ಆಯೋಗ ಕಂಪನಿಗೆ ಹೇಳಿತು. ಹೊರಗೆ ಬಂದ ಮೇಲೆ ಇವರು ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದರು. ಹಣ ಹೋಯಿತು ಎಂದು ಸನ್ನೆ ಮಾಡಿದೆ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ನನಗೆ ಕಾಫಿ ಕೊಡಿಸಿದರು.

ತಪ್ಪಾಯಿತು ಪ್ರೇಮಾ. ನಿನ್ನ ಮನೆಯೊಳಗೆ ಕಾಲಿಟ್ಟದ್ದು, ಬೀರು ತೆಗೆದದ್ದು, ಆ ಟ್ರಂಕು ಮುಟ್ಟಿದ್ದು, ರಾಜಿಗೆ ಸಹಿ ಹಾಕಿದ್ದು. ಎಲ್ಲವೂ.

ಜಯಾ


ವೆಸ್ಟ್ ಮಾಂಬಲಂ
23 ಜನವರಿ 2026

ಪ್ರೇಮಾ,

ತೀರ್ಪಿನ ಪ್ರತಿ ಇದರೊಳಗಿದೆ. ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡು ಕೊನೆಗೆ ದಾಖಲೆ ಕೊಟ್ಟರು. 'ಡೆಲಿವರಿ ಆಗಿದೆ' ಎಂದು ಒತ್ತಿದಾಗ ಅವರ ಗಾಡಿ ಸೈದಾಪೇಟೆಯಲ್ಲಿ ನಿಂತಿತ್ತು. ಆ ದಿನ ನಮ್ಮ ಬೀದಿಗೇ ಬಂದಿಲ್ಲ! ಹಿಂದೆ ಯಾವಾಗಲೋ ನಾನು ಮನೆಯಲ್ಲಿಲ್ಲದಾಗ ನನ್ನದೊಂದು ಪಾರ್ಸಲನ್ನು ನೀನು ತೆಗೆದಿಟ್ಟಿದ್ದೆ. ಆಗ ಬರೆದುಕೊಂಡ ನಿನ್ನ ಹೆಸರು ಅವರ ಯಂತ್ರದಲ್ಲಿ ಉಳಿದಿತ್ತು. ಅದನ್ನೇ ಒತ್ತಿ ದಿನದ ಲೆಕ್ಕ ಮುಗಿಸಿದ್ದಾರೆ. ಪಾರ್ಸಲು ಎಲ್ಲಿ ಹೋಯಿತೋ ಅವರಿಗೇ ಗೊತ್ತಿಲ್ಲ. ನೀನು ನನಗೆ ಮಾಡಿದ ಉಪಕಾರವೇ ನಿನ್ನ ಕುತ್ತಿಗೆಗೆ ಬಂತು.

ಹಣ, ಪರಿಹಾರ ಕೊಡಬೇಕು ಎಂದು ಆದೇಶವಾಗಿದೆ. ಅದಕ್ಕಿಂತ ಮೊದಲು, ಸುಳ್ಳು ಬರೆದದ್ದಕ್ಕೆ ನಿನಗೆ ಪತ್ರ ಬರೆಯಬೇಕು ಎಂದಿದೆ. ಆ ಹಣ ಬರುತ್ತದೆಂಬ ಧೈರ್ಯದ ಮೇಲೆ ಸಾಲ ಮಾಡಿದೆ, ಇವರಿಗೆ ಬೇರೆ ಮಿಷನ್ ಬಂದಿದೆ. ಅಂಗಡಿಗೇ ಹೋಗಿ ಕಿವಿಗೆ ಹಾಕಿಸಿಕೊಂಡು ಬಂದೆವು.

ಭಾನುವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ತೀರ್ಪನ್ನು ತಮಿಳಿನಲ್ಲಿ ಹೇಳಿದೆ. ತಿರುಮಲ ತಲೆ ತಗ್ಗಿಸಿದರು. 'ಇವರು ಬರೀ ಮಾತಾಡಿದರು, ಒಳಗೆ ಹೋಗಿ ಹುಡುಕಿದವಳು ನಾನು' ಎಂದೂ ಹೇಳಿದೆ. ಆಮೇಲೆ ಯಾರೋ ನೀರಿನ ಮೋಟಾರಿನ ವಿಷಯ ಎತ್ತಿದರು.

ಮನೆ ಮಾರಬೇಡ. ಇಷ್ಟೇ ಕೇಳುವುದು.

ಜಯಾ


ಕ್ರೋಂಪೇಟೆ
21 ಫೆಬ್ರವರಿ 2026

ಜಯಾ,

ಕಂಪನಿಯ ಪತ್ರ ಬಂತು. ಇಂಗ್ಲಿಷಿನಲ್ಲಿ ಎರಡೇ ಸಾಲು. ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತಾರಂತೆ. ಒಂದು ವರ್ಷ ನನ್ನನ್ನು ಕಳ್ಳಿ ಮಾಡಿದ್ದಕ್ಕೆ ಇವರ ಭಾಷೆಯಲ್ಲಿ ಅನಾನುಕೂಲ ಎಂದು ಹೆಸರು. ಮೊದಲ ಸಾಲಿನಲ್ಲಿ 'ಮಾನ್ಯ ಗ್ರಾಹಕರೇ' ಎಂದಿದೆ. ಹರಿಯಬೇಕೆಂದುಕೊಂಡೆ. ಹರಿಯಲಿಲ್ಲ. ತೇಜುವನ್ನು ಕೂರಿಸಿಕೊಂಡು ಜೋರಾಗಿ ಓದಿಸಿದೆ. 'ಸರಿ ಪಾಟಿ' ಎಂದು ಆಡಲು ಓಡಿದಳು. ಅವಳಿಗೆ ಅದು ಅಲ್ಲಿಗೆ ಮುಗಿಯಿತು.

ನನಗೆ ಮುಗಿದಿಲ್ಲ. ನೀನು ತಪ್ಪಾಯಿತು ಎಂದು ಬರೆದದ್ದನ್ನು ಎಷ್ಟೋ ಸಲ ಓದಿದೆ. ಓದಿದಾಗಲೆಲ್ಲ ನೀನು ಚಪ್ಪಲಿ ಬಿಡುತ್ತಿದ್ದದ್ದೇ ಕಾಣುತ್ತದೆ. ಕಂಪನಿಯವರಿಗೆ ನಾನು ಯಾರೋ. ಯಾವ ಹೆಸರಾದರೂ ಅವರಿಗೆ ಆಗುತ್ತಿತ್ತು. ನಿನಗೆ ನಾನು ಯಾರೋ ಅಲ್ಲ. ಸಿಟ್ಟು ಇರುವುದು ಅಲ್ಲಿ. ಅದಕ್ಕೆ ಯಾವ ಆಯೋಗವೂ ತೀರ್ಪು ಕೊಡುವುದಿಲ್ಲ.

ಬ್ರೋಕರಿಗೆ ಬೇಡವೆಂದೆ. ಬರುವ ಒಂದನೇ ತಾರೀಖು ಬರುತ್ತಿದ್ದೇನೆ. ಅದು ನನ್ನ ಮನೆ, ಅದಕ್ಕೆ ಬರುತ್ತಿದ್ದೇನೆ. ನೀನು ಕರೆದೆ ಎಂದಲ್ಲ. ತಿಂಡಿ ಮಾಡಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲಬೇಡ. ನಿಂತರೆ ದಾಕ್ಷಿಣ್ಯಕ್ಕೆ ತೆಗೆದುಕೊಂಡುಬಿಡುತ್ತೇನೆ, ಸಿಟ್ಟು ಹೊಟ್ಟೆಯಲ್ಲೇ ಉಳಿದು ಕೊಳೆಯುತ್ತದೆ. ಅದನ್ನು ನಾನು ಪೂರ್ತಿ ಅನುಭವಿಸಿ ಮುಗಿಸಬೇಕು. ಎಷ್ಟು ದಿನ ಎಂದು ಕೇಳಬೇಡ.

ಬಂದ ದಿನ ಮಹದೇವಣ್ಣನವರ ಹತ್ತಿರ ಮಾತಾಡುತ್ತೇನೆ, ಅವರೊಬ್ಬರ ಹತ್ತಿರ. ಇಡೀ ಬಿಲ್ಡಿಂಗಿನಲ್ಲಿ ನನ್ನನ್ನು ನಂಬಿದವರು ಅವರೊಬ್ಬರೇ. ಅದನ್ನು ಕಾಗದದಲ್ಲಲ್ಲ, ಅವರ ಕಿವಿಗೇ ಹೇಳಬೇಕು. ನಾವು ಮಾತಾಡುವಾಗ ನೀನು ಒಳಗೆ ಅಡುಗೆಮನೆಯಲ್ಲಿರು. ಹೊರಗೆ ಬರಬೇಡ.

ಬಾಗಿಲು ಮುಚ್ಚಿಕೊಳ್ಳಬೇಕಾಗಿಲ್ಲ.

ಪ್ರೇಮಾ